ಹಳ್ಳಿಯ ಗಾಳಿಗೂ ಒಂದು ಲೆಕ್ಕ

ಚಿತ್ರದುರ್ಗ ಜಿಲ್ಲೆಯ ಉತ್ತರ ಮತ್ತು ಪೂರ್ವದ ಅಂಚಿನಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎಂಬ ಎರಡು ತಾಲ್ಲೂಕುಗಳಿವೆ. ಅರಬ್ಬೀ ಸಮುದ್ರದಿಂದ ಹೊರಟ ಮುಂಗಾರಿನ ಮೋಡಗಳು ತಮ್ಮ ನೀರನ್ನೆಲ್ಲ ಮಲೆನಾಡಿಗೆ ಧಾರೆಯೆರೆದು, ಇಲ್ಲಿಗೆ ಬಂದು ಸೇರುವ ಹೊತ್ತಿಗೆ ಬರಿದಾಗಿರುತ್ತವೆ. ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಅದೂ ಎಷ್ಟೋ ವರ್ಷ ಕೈಕೊಡುವುದುಂಟು. ಆದರೆ ಮೋಡ ಕೈಕೊಟ್ಟರೂ ಗಾಳಿ ಕೈಕೊಡುವುದಿಲ್ಲ. ಆಷಾಢ ಬಂತೆಂದರೆ ಅಂಗಳದಲ್ಲಿ ಒಣಹಾಕಿದ ಬಟ್ಟೆ ಹೊಲದಲ್ಲಿ ಸಿಗುತ್ತದೆ. ಹೊಲದ ಮಣ್ಣು ಮನೆಯೊಳಗಿನ ತಟ್ಟೆಯಲ್ಲಿ ಸಿಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳು ಈ ಸೀಮೆಯ ಗಾಳಿಯ ಬಲಕ್ಕೆ ಸಾಕ್ಷಿಯಾಗಿವೆ.

ಮಳೆಯ ವಿಷಯದಲ್ಲಿ ಇಲ್ಲಿನ ರೈತ ಬಹಳ ಲೆಕ್ಕಾಚಾರದವನು. ಯಾವ ನಕ್ಷತ್ರದ ಮಳೆ ಬಿತ್ತು, ಯಾವುದು ಹುಸಿಯಿತು, ಭೂಮಿ ಎಷ್ಟು ಆಳಕ್ಕೆ ಹದವಾಯಿತು ಎಂಬುದನ್ನು ಆತ ಹತ್ತು ವರ್ಷ ಹಿಂದಿನದನ್ನೂ ನೆನಪಿನಿಂದ ಹೇಳಬಲ್ಲ. ಸರ್ಕಾರವೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ, ತಾವಾಗಿಯೇ ಲೆಕ್ಕವನ್ನು ಕಳುಹಿಸುವ ಮಳೆಮಾಪಕಗಳನ್ನು ರಾಜ್ಯದ ಉದ್ದಗಲಕ್ಕೂ ಇರಿಸಿದೆ. ಅವುಗಳ ಸಂಖ್ಯೆ 6,000ಕ್ಕೂ ಹೆಚ್ಚು. ಒಂದು ಊರಿನಲ್ಲಿ ಮಳೆ ಬಂದು ಪಕ್ಕದ ಊರಿನಲ್ಲಿ ಬಾರದೆ ಹೋದರೆ ಆ ವ್ಯತ್ಯಾಸವೂ ಅಂಕಿಯಲ್ಲಿ ಮೂಡುತ್ತದೆ. ಬರಗಾಲದ ಘೋಷಣೆಗೂ ಬೆಳೆವಿಮೆಗೂ ಆ ಅಂಕಿಯ ಆಧಾರವಿರುತ್ತದೆ.

ಗಾಳಿಗೆ ಈ ಭಾಗ್ಯ ಒದಗಿಲ್ಲ. ವಾಯುಮಾಲಿನ್ಯವೆಂದರೆ ನಗರದ ವ್ಯಾಧಿ, ಹಳ್ಳಿಯ ಗಾಳಿಗೇನು ಕೇಡು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಮ್ಮ ದೇಶದಲ್ಲಿ ಹೊರಗಿನ ಗಾಳಿಯ ಗುಣಮಟ್ಟವನ್ನು ನಿಯಮಿತವಾಗಿ ಅಳೆಯುವ ರಾಷ್ಟ್ರೀಯ ಕಾರ್ಯಕ್ರಮ 1984ರಲ್ಲಿ ಆಗ್ರಾ ಮತ್ತು ಅನ್‌ಪರಾಗಳಲ್ಲಿ 7 ಕೇಂದ್ರಗಳೊಂದಿಗೆ ಆರಂಭವಾಯಿತು. ಮೊದಲನೆಯದು ತಾಜಮಹಲಿನ ಊರು, ಎರಡನೆಯದು ಉಷ್ಣವಿದ್ಯುತ್ ಸ್ಥಾವರದ ಊರು. ಆಮೇಲೆ ಕೇಂದ್ರಗಳು ನೂರಾರಾದವು. ಆದರೆ ಅವು ಬಹುಮಟ್ಟಿಗೆ ನಗರಗಳಲ್ಲಿ, ಕೈಗಾರಿಕಾ ಪ್ರದೇಶಗಳಲ್ಲಿ ನೆಲೆನಿಂತವು. 2009ರ ನವೆಂಬರಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೊರಡಿಸಿದ ಮಾನದಂಡಗಳ ಪಟ್ಟಿಯನ್ನು ತೆರೆದು ನೋಡಿದರೆ, ಅಲ್ಲಿ ಕೈಗಾರಿಕಾ ಪ್ರದೇಶ, ವಸತಿ ಪ್ರದೇಶಗಳ ಜೊತೆಗೆ ಗ್ರಾಮೀಣ ಪ್ರದೇಶ ಎಂಬ ಮಾತೂ ಇದೆ. ಎಲ್ಲಕ್ಕೂ ಒಂದೇ ಮಿತಿ. ಕಾನೂನು ಹಳ್ಳಿಯನ್ನು ಮರೆತಿರಲಿಲ್ಲ; ಮರೆತದ್ದು ತಕ್ಕಡಿ.

ಇದರಿಂದ ಆಗುವುದೇನು? 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭವಾದಾಗ, ಮಿತಿ ಮೀರಿದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ನೆರೆಯ ದಾವಣಗೆರೆಗಳು ಸೇರಿದವು. ಅಳತೆ ಇದ್ದ ಊರಿಗೆ ಯೋಜನೆ ಬಂತು. ಅಳತೆಯೇ ಇಲ್ಲದ ಊರು ಮಿತಿ ಮೀರಿತೋ ಇಲ್ಲವೋ ಎಂಬ ಪ್ರಶ್ನೆಯೇ ಹುಟ್ಟುವಂತಿಲ್ಲ.

ಹಾಗಾದರೆ ಗಾಳಿಯಲ್ಲಿ ಅಳೆಯಬೇಕಾದದ್ದು ಏನು, ಅದನ್ನು ಅಳೆಯುವುದು ಹೇಗೆ ಎಂಬುದನ್ನು ನೋಡೋಣ. ಇದಕ್ಕಾಗಿ ನಾವು ಪ್ರಯೋಗಶಾಲೆಗೆ ಹೋಗುವ ಮೊದಲು ಸುಗ್ಗಿಯ ಕಣಕ್ಕೆ ಹೋಗುವುದು ಒಳ್ಳೆಯದು. ರಾಗಿಯನ್ನು ಒಕ್ಕಿದ ಮೇಲೆ ರೈತ ಎತ್ತರದಲ್ಲಿ ನಿಂತು, ಮೊರದಲ್ಲಿ ತುಂಬಿದ ರಾಶಿಯನ್ನು ಗಾಳಿಗೆ ಸುರಿಯುತ್ತಾನೆ. ತೂಕವುಳ್ಳ ಕಾಳು ನೆಟ್ಟಗೆ ಕಾಲ ಬಳಿ ಬೀಳುತ್ತದೆ. ಹೊಟ್ಟು ಸ್ವಲ್ಪ ದೂರಕ್ಕೆ ಹಾರಿ ಬೀಳುತ್ತದೆ. ಅದಕ್ಕಿಂತ ನವಿರಾದ ಧೂಳು ಎಲ್ಲಿಯೂ ಬೀಳುವಂತೆ ತೋರುವುದಿಲ್ಲ. ಸಂಜೆಯ ಬಿಸಿಲಿನಲ್ಲಿ ಹೊಗೆಯಂತೆ ತೇಲಿ ಹೋಗುತ್ತದೆ. ತೂರುವವನ ಮೂಗಿಗೆ, ಗಂಟಲಿಗೆ ಸೇರುವುದು ಈ ಮೂರನೆಯದು. ನಮ್ಮ ಭಾಷೆಯಲ್ಲಿ ಒಕ್ಕುವ ಕಣಕ್ಕೂ ಧೂಳಿನ ಕಣಕ್ಕೂ ಒಂದೇ ಮಾತು ಇರುವುದು ಆಕಸ್ಮಿಕವೇ ಇರಬಹುದು, ಆದರೂ ಇಲ್ಲಿ ಅದು ಚೆನ್ನಾಗಿಯೇ ಹೊಂದುತ್ತದೆ.

ಗಾಳಿಯನ್ನು ಅಳೆಯುವ ಯಂತ್ರವೂ ಮೊದಲು ತೂರುವ ಕೆಲಸವನ್ನೇ ಮಾಡುತ್ತದೆ. ಅದರ ಬಾಯಿಯಲ್ಲಿ ಗಾಳಿ ಸುತ್ತಿ ಬಳಸಿ ಹೋಗುವಂತೆ ದಾರಿಯನ್ನು ರಚಿಸಿರುತ್ತಾರೆ. ತಿರುವಿನಲ್ಲಿ ದಪ್ಪ ಕಣಗಳು ಗಾಳಿಯೊಂದಿಗೆ ತಿರುಗಲಾರದೆ ಪಕ್ಕಕ್ಕೆ ಬಡಿದು ಕೆಳಗೆ ಬೀಳುತ್ತವೆ. ಹಗುರವಾದವು ಮುಂದೆ ಸಾಗುತ್ತವೆ. ಕಣದಲ್ಲಿ ರೈತ ಭಾರವಾದದ್ದನ್ನು ಉಳಿಸಿಕೊಂಡು ಹಗುರವಾದದ್ದನ್ನು ಬಿಡುತ್ತಾನೆ. ಯಂತ್ರ ಭಾರವಾದದ್ದನ್ನು ಬಿಟ್ಟು ಹಗುರವಾದದ್ದನ್ನು ಉಳಿಸಿಕೊಳ್ಳುತ್ತದೆ. ಹೀಗೆ ಉಳಿಯುವ ಕಣಗಳಲ್ಲಿ ವಿಜ್ಞಾನಿಗಳು ಎರಡು ಗಾತ್ರಗಳನ್ನು ಮುಖ್ಯವಾಗಿ ಗಣಿಸುತ್ತಾರೆ: 10 ಮೈಕ್ರಾನಿನವರೆಗಿನವು ಮತ್ತು 2.5 ಮೈಕ್ರಾನಿನವರೆಗಿನವು. ಮೈಕ್ರಾನೆಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದುಕೊಂಡರೆ, 10 ಮೈಕ್ರಾನಿನ ಕಣ ಅದರ ಏಳರಲ್ಲಿ ಒಂದು ಪಾಲು. ದಪ್ಪ ಧೂಳನ್ನು ಮೂಗಿನ ರೋಮಗಳೂ ಗಂಟಲಿನ ಲೋಳೆಯೂ ಬಹುಮಟ್ಟಿಗೆ ತಡೆಯುತ್ತವೆ. ಆದರೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ ಆ ಕಾವಲು ಸಾಲದು. ಅವು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳವರೆಗೂ ಇಳಿಯುತ್ತವೆ.

ತೂರಿದ ಮೇಲೆ ಉಳಿದದ್ದನ್ನು ತೂಗಬೇಕಷ್ಟೆ. ಗಾಜಿನ ಎಳೆಗಳಿಂದ ಮಾಡಿದ ಬಿಳಿಯ ಸೋಸುಕಾಗದವೊಂದನ್ನು ತೇವವಿಲ್ಲದ ಕೋಣೆಯಲ್ಲಿ ಒಂದು ದಿನ ಇರಿಸಿ, ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿ, ಯಂತ್ರದೊಳಗೆ ಹೂಡುತ್ತಾರೆ. ಪಂಪು ಮಿನಿಟಿಗೆ 1.1 ಘನಮೀಟರಿನಂತೆ ಗಾಳಿಯನ್ನು ಆ ಕಾಗದದ ಮೂಲಕ ಎಳೆಯುತ್ತದೆ ಎನ್ನೋಣ. ಒಂದು ಹಗಲು ಒಂದು ರಾತ್ರಿ, ಎಂದರೆ 1,440 ಮಿನಿಟುಗಳಲ್ಲಿ, ಎಳೆದ ಗಾಳಿ 1,584 ಘನಮೀಟರು. ಒಬ್ಬ ಮನುಷ್ಯ ಸುಮಾರು ಐದು ತಿಂಗಳಲ್ಲಿ ಉಸಿರಾಡುವಷ್ಟು. ಈಗ ಕಾಗದವನ್ನು ತೆಗೆದು ಮತ್ತೆ ತೂಗಿದಾಗ ತೂಕ 95 ಮಿಲಿಗ್ರಾಂ ಹೆಚ್ಚಿತೆಂದು ಭಾವಿಸಿರಿ. ಮೂವತ್ತು ನಲವತ್ತು ರಾಗಿಕಾಳುಗಳ ತೂಕವಷ್ಟೇ ಅದು! 95 ಮಿಲಿಗ್ರಾಮಿಗೆ 95,000 ಮೈಕ್ರೋಗ್ರಾಂ. ಇದನ್ನು 1,584ರಿಂದ ಭಾಗಿಸಿದರೆ ಘನಮೀಟರಿಗೆ 60 ಮೈಕ್ರೋಗ್ರಾಂ ಎಂಬ ಉತ್ತರ ಬರುತ್ತದೆ. ಪತ್ರಿಕೆಗಳಲ್ಲಿ ನೀವು ಕಾಣುವ ಅಂಕಿಗಳ ಹಿಂದಿರುವುದು ಇಂಥ ಲೆಕ್ಕವೇ. 10 ಮೈಕ್ರಾನಿನ ಕಣಗಳಿಗೆ ನಮ್ಮ ದೇಶದ ಮಿತಿ ದಿನದ ಸರಾಸರಿಯಲ್ಲಿ 100, ವರ್ಷದ ಸರಾಸರಿಯಲ್ಲಿ 60. 2.5 ಮೈಕ್ರಾನಿನವಕ್ಕೆ ಕ್ರಮವಾಗಿ 60 ಮತ್ತು 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಟ್ಟ ಇದಕ್ಕಿಂತ ಬಹಳ ಕಠಿಣ. ಸೂಕ್ಷ್ಮಕಣಗಳಿಗೆ ವರ್ಷದ ಸರಾಸರಿ 5 ಮಾತ್ರ.

ಒಂದು ದಿನ ಅಳೆದು ಬಿಟ್ಟರೆ ಪ್ರಯೋಜನವಿಲ್ಲ. ವಾರಕ್ಕೆ ಎರಡು ಬಾರಿಯಂತೆ ವರ್ಷಕ್ಕೆ ಕನಿಷ್ಠ 104 ದಿನ ಅಳೆಯಬೇಕೆಂದು ನಿಯಮವಿದೆ. ಯಂತ್ರವನ್ನು ಇಡುವ ಸ್ಥಳಕ್ಕೂ ನಿಯಮವುಂಟು. ಅದು ನೆಲಕ್ಕೆ ತೀರ ಸಮೀಪವಿರಬಾರದು. ಮರದ ಮರೆಯಲ್ಲಿ, ಗೋಡೆಯ ಸಂದಿನಲ್ಲಿ, ಹೊಗೆಗೂಡಿನ ಬಗಲಲ್ಲಿ ಇರಬಾರದು. ನಾಲ್ಕೂ ಕಡೆಯಿಂದ ಗಾಳಿಯಾಡುವ, ವಿದ್ಯುತ್ತು ತಪ್ಪದ ಜಾಗ ಬೇಕು. ಹಳ್ಳಿಗಳಲ್ಲಿ ಮೊದಲಿನ ನಿಯಮಗಳೆಲ್ಲ ಸುಲಭ, ಕಡೆಯದೊಂದೇ ಕಷ್ಟ. ಪಂಪು ನಡುವೆ ನಿಂತರೆ ಆ ದಿನದ ಲೆಕ್ಕ ನೀರಿನಲ್ಲಿ ಹೋಮ ಮಾಡಿದಂತೆ.

ಚಳ್ಳಕೆರೆ ಸೀಮೆಯಲ್ಲಿಯೇ ಇಂಥ ಕೆಲಸ ನಡೆಯುವ ಒಂದು ಸ್ಥಳವಿದೆ. ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದ್ದು, ಅಲ್ಲಿ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ವೀಕ್ಷಣಾಲಯವೊಂದು ಗಾಳಿಯಲ್ಲಿ ತೇಲುವ ಕಣಗಳನ್ನು ಅಭ್ಯಸಿಸುತ್ತದೆ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರು ದೂರದ ಬಯಲನ್ನು ಇದಕ್ಕೆ ಆರಿಸಿಕೊಂಡದ್ದೇಕೆ ಎಂದು ನೀವು ಕೇಳಬಹುದು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ಅಮೆರಿಕದ ವಿಜ್ಞಾನಿ ವಾತಾವರಣದ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಹೊರಟಾಗ, ಯಾವ ನಗರವನ್ನೂ ಆರಿಸಿಕೊಳ್ಳದೆ ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪದ ಪರ್ವತವನ್ನು ಆರಿಸಿಕೊಂಡ. ನಗರದ ನಡುವೆ ನಿಂತರೆ ತಿಳಿಯುವುದು ಆ ಬೀದಿಯ ಸುದ್ದಿ. ದೂರ ನಿಂತರೆ ತಿಳಿಯುವುದು ಇಡೀ ವಾತಾವರಣದ ಸುದ್ದಿ. ಬೆಂಗಳೂರಿನ ಗಾಳಿಯಲ್ಲಿ ನಗರದ ಪಾಲೆಷ್ಟು, ಹೊರಗಿನಿಂದ ಬಂದದ್ದೆಷ್ಟು ಎಂದು ಹೇಳಬೇಕಾದರೂ ಹೊರಗಿನ ಒಂದು ಅಂಕಿ ಕೈಯಲ್ಲಿರಲೇಬೇಕು. ಹಳ್ಳಿಯ ಲೆಕ್ಕವಿಲ್ಲದೆ ನಗರದ ಲೆಕ್ಕವೂ ಪೂರ್ಣವಾಗದು.

ಆ ಹೊರಗಿನ ಗಾಳಿ ಕೇವಲ ಚಳ್ಳಕೆರೆಯದೂ ಅಲ್ಲ. ಬೇಸಿಗೆಯಲ್ಲಿ ಅರೇಬಿಯದ ಮರುಭೂಮಿಯ ಧೂಳು ಸಮುದ್ರವನ್ನು ದಾಟಿ ನಮ್ಮ ನಾಡಿಗೆ ಬರುತ್ತದೆ. ನಮ್ಮ ಉಪಖಂಡದ ಹೊಗೆ ಚಳಿಗಾಲದಲ್ಲಿ ಹಿಂದೂ ಮಹಾಸಾಗರದ ಮೇಲೆ ಮಬ್ಬಾಗಿ ಹರಡುವುದನ್ನು 1999ರಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಹಡಗು, ವಿಮಾನಗಳಲ್ಲಿ ಹೋಗಿ ಅಳೆದರು.

ಕುದಾಪುರದ ವಿಷಯ ಬಂದಾಗ ಅಲ್ಲಿನ ನೆಲದ ಕಥೆಯನ್ನೂ ಹೇಳದಿದ್ದರೆ ತಪ್ಪಾದೀತು. ಅದು ಅಮೃತಮಹಲ್ ಕಾವಲು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ತಳಿಯ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲು. ಸುತ್ತಲಿನ ಹಳ್ಳಿಗಳ ಕುರಿಗಾಹಿಗಳೂ, ದೇವರ ಎತ್ತುಗಳನ್ನು ಸಾಕುವ ಮ್ಯಾಸಬೇಡರೂ ಬಹುಕಾಲದಿಂದ ಇದನ್ನು ನಂಬಿದವರು. ಭಾರತೀಯ ವಿಜ್ಞಾನ ಸಂಸ್ಥೆಗೆ ಇಲ್ಲಿ ದೊರೆತದ್ದು 1,500 ಎಕರೆ. ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶಗಳ ಸಂಸ್ಥೆಗಳಿಗೂ ಭೂಮಿ ಹಂಚಿಕೆಯಾಗಿ ಬೇಲಿ, ಗೋಡೆಗಳು ಎದ್ದವು. ಮೇವಿನ ನೆಲ ಹೋಯಿತೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವಿಜ್ಞಾನಕ್ಕೆ ಸ್ಥಳ ಬೇಕೆಂಬುದು ನಿಜ. ಆದರೆ ಹುಲ್ಲುಗಾವಲನ್ನು ಬೀಳುನೆಲವೆಂದು ಬಗೆಯುವುದು ಸರಿಯಲ್ಲ. ಗಾಳಿಯ ದೃಷ್ಟಿಯಿಂದಲೂ ಸರಿಯಲ್ಲ.

ಏಕೆಂದರೆ ಧೂಳು ಏಳುವ ಬಗೆಯೇ ಬೇರೆ. ತೀರ ಸಣ್ಣ ಕಣಗಳು ನೆಲಕ್ಕೆ ಅಂಟಿಕೊಂಡಿರುತ್ತವೆ. ಗಾಳಿ ಅವನ್ನು ನೇರವಾಗಿ ಎಬ್ಬಿಸಲಾರದು. ಮೊದಲು ಮರಳಿನ ಗಾತ್ರದ ಕಾಳುಗಳು ಗಾಳಿಗೆ ಪುಟನೆಗೆಯುತ್ತವೆ. ಅವು ಮತ್ತೆ ನೆಲಕ್ಕೆ ಬಡಿದಾಗ ಸಿಡಿದು ಮೇಲೇಳುವುದೇ ನಾವು ಕಾಣುವ ಧೂಳು. ಬ್ಯಾಗ್ನಾಲ್ಡ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ ಈಜಿಪ್ಟಿನ ಮರುಭೂಮಿಗಳಲ್ಲಿ ಅಲೆದು, ಮರಳಿನ ಈ ನೆಗೆತವನ್ನು ವಿವರಿಸಿ 1941ರಲ್ಲಿ ಒಂದು ಗ್ರಂಥವನ್ನೇ ಬರೆದ. ಗೇಣುದ್ದದ ಹುಲ್ಲಿದ್ದರೆ ಸಾಕು, ನೆಲದ ಬಳಿ ಗಾಳಿಯ ವೇಗ ಇಳಿಯುತ್ತದೆ, ನೆಗೆತ ನಿಲ್ಲುತ್ತದೆ. ಮೊಳಕಾಲ್ಮೂರಿಗೆ ನೆರೆಯಾದ ರಾಯದುರ್ಗದ ಸೀಮೆಯಲ್ಲಿ, ಹಗರಿ ಎನಿಸಿಕೊಳ್ಳುವ ವೇದಾವತಿಯ ಮರಳು ಕಣೇಕಲ್ಲಿನ ಸುತ್ತಣ ಹೊಲಗಳ ಮೇಲೆ ದಿಣ್ಣೆಗಳಾಗಿ ಬಿದ್ದಿದೆ. ನಮ್ಮ ಕಡೆಯ ಮುಖ್ಯ ಬೆಳೆಯಾದ ಶೇಂಗಾವನ್ನಾದರೂ ನೋಡಿರಿ. ಜೋಳವನ್ನು ಕೊಯ್ದರೆ ಕೂಳೆಯಾದರೂ ಹೊಲದಲ್ಲಿ ನಿಲ್ಲುತ್ತದೆ. ಶೇಂಗಾವನ್ನು ಬೇರುಸಹಿತ ಕೀಳಬೇಕು. ಕಿತ್ತ ಮೇಲೆ ಸಡಿಲವಾದ ಕೆಂಪುಮಣ್ಣು ಮುಂದಿನ ಮುಂಗಾರಿನವರೆಗೂ ಬೋಳಾಗಿ ಗಾಳಿಗೆ ತೆರೆದಿರುತ್ತದೆ. ಚಳ್ಳಕೆರೆಗೆ ಎಣ್ಣೆಗಿರಣಿಗಳ ಊರೆಂಬ ಹೆಸರನ್ನು ತಂದ ಬೆಳೆಯೇ ಅದರ ಧೂಳಿಗೂ ಒಂದು ಕಾರಣವೆಂದರೆ ಮುನಿಯಬೇಕಾಗಿಲ್ಲ. ಪಂಜಾಬಿನ ರೈತರು ಭತ್ತದ ಕೂಳೆಗೆ ಬೆಂಕಿಯಿಡುವಂತೆ ಇಲ್ಲಿ ಯಾರೂ ಶೇಂಗಾ ಬಳ್ಳಿಗೆ ಬೆಂಕಿಯಿಡುವುದಿಲ್ಲ. ಅದು ದನಗಳ ಮೇವು. ಬಣವೆಯಾಗಿ ಹಿತ್ತಲು ಸೇರುತ್ತದೆ.

ಆದರೆ ಮಣ್ಣೊಂದೇ ಅಲ್ಲ, ಹೊಗೆಯೂ ಉಂಟು. ಮಣ್ಣಿನ ಧೂಳು ಹೆಚ್ಚಾಗಿ ದಪ್ಪ, ಹೊಗೆಯ ಕಣ ಹೆಚ್ಚಾಗಿ ಸೂಕ್ಷ್ಮ. ಆದುದರಿಂದ ಎರಡು ಗಾತ್ರಗಳನ್ನೂ ಅಳೆದು ಹೋಲಿಸಿದರೆ ಯಾವುದರ ಪಾಲು ಹಿರಿದೆಂಬುದು ಗೋಚರಿಸುತ್ತದೆ. ಮಸಿಯನ್ನು ಗುರುತಿಸಲು ಇನ್ನೊಂದು ಉಪಾಯವಿದೆ. ಬಿಳಿಯ ಪಟ್ಟಿಯ ಮೂಲಕ ಗಾಳಿಯನ್ನು ಎಳೆಯುತ್ತ, ಪಟ್ಟಿಯ ಮೇಲೆ ಬೆಳಕನ್ನು ಹಾಯಿಸಿ, ಅದು ಎಷ್ಟು ಬೇಗ ಕಪ್ಪಾಗುತ್ತದೆಂದು ನೋಡುತ್ತಾರೆ. ಒಂದೇ ಬಣ್ಣದ ಬೆಳಕಿನ ಬದಲು ಹಲವು ಬಣ್ಣಗಳ ಬೆಳಕನ್ನು ಬಳಸಿದರೆ ಸೌದೆಯ ಹೊಗೆಗೂ ಡೀಸೆಲಿನ ಹೊಗೆಗೂ ಇರುವ ವ್ಯತ್ಯಾಸದ ಸುಳಿವೂ ಸಿಗುತ್ತದೆ.

ಸೌದೆಯ ಹೊಗೆ ಎಲ್ಲಿಂದ ಬಂತು? ಬಳ್ಳಾರಿ ಜಾಲಿ, ತೊಗರಿಕಟ್ಟಿಗೆ, ಬೆರಣಿಗಳು ಉರಿಯುವ ನಮ್ಮ ಒಲೆಗಳಿಂದಲೇ. ಗ್ಯಾಸಿನ ಸಿಲಿಂಡರು ಬಂದ ಮನೆಗಳಲ್ಲಿಯೂ ನೀರು ಕಾಯಿಸುವ ಹಂಡೆಯ ಕೆಳಗಿನ ಬೆಂಕಿ ಎಲ್ಲೆಡೆ ಆರಿಲ್ಲ. 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಎಂಬ ಕೇಂದ್ರವು ಕಡಿಮೆ ಸೌದೆ ಬೇಡುವ, ಹೊಗೆಕೊಳವೆಯುಳ್ಳ ಒಲೆಯನ್ನು ರೂಪಿಸಿತು. ಅಡುಗೆ ಮಾಡುವ ತಾಯಂದಿರ ಕಣ್ಣಿಗೆ ಅದು ದೊಡ್ಡ ಉಪಕಾರ. ಆದರೂ ಕೊಳವೆ ಏರಿದ ಹೊಗೆ ಸೇರುವುದು ಊರಿನ ಗಾಳಿಯನ್ನೇ ಅಲ್ಲವೇ? ಮಾಗಿಯ ಬೆಳಗಿನಲ್ಲಿ ಮೊಳಕಾಲ್ಮೂರಿನಂಥ, ಬಂಡೆಗುಡ್ಡಗಳು ಸುತ್ತುವರಿದ ಊರನ್ನು ಎತ್ತರದಿಂದ ನೋಡಿದವರಿಗೆ ಇದು ತಿಳಿಯುತ್ತದೆ. ನೆಲದ ಬಳಿಯ ಗಾಳಿ ತಂಪಾಗಿ ಭಾರವಾಗಿರುವುದರಿಂದ ಹೊಗೆ ಮೇಲೇರಲಾರದೆ ಹೆಂಚಿನ ಸೂರುಗಳ ಮೇಲೆ ಹಾಸಿದಂತೆ ಮಲಗಿರುತ್ತದೆ. ಬಿಸಿಲೇರಿದ ಮೇಲೆಯೇ ಅದು ಕದಲುವುದು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕಲಿತು ವಾತಾವರಣ ರಸಾಯನ ವಿಜ್ಞಾನದಲ್ಲಿ ಜಗತ್ತಿನ ಮನ್ನಣೆ ಪಡೆದ ಎ. ಆರ್. ರವಿಶಂಕರ ಅವರೂ ಅವರ ಸಂಗಡಿಗರೂ 2020ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಭಾರತದ ಹೊರಾಂಗಣ ವಾಯುಮಾಲಿನ್ಯ ನಗರಗಳ ಸಮಸ್ಯೆ ಮಾತ್ರವಲ್ಲ ಎಂಬುದೇ ಅದರ ತಿರುಳು. ಉಪಗ್ರಹಗಳು ಮೇಲಿನಿಂದ ಕಂಡ ಮಬ್ಬನ್ನು ಆಧರಿಸಿ ಅವರು ಈ ನಿರ್ಣಯಕ್ಕೆ ಬಂದರು. ಉಪಗ್ರಹ ನೋಡುವುದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಕಂಬವನ್ನು. ನಾವು ಉಸಿರಾಡುವುದು ಅದರ ಬುಡವನ್ನು. ಬುಡದಲ್ಲಿ ಅಳೆದವರು ಬೇಕೇ ಬೇಕು.

ಈಚೆಗೆ ಅಂಗೈಯಗಲದ ಅಗ್ಗದ ಮಾಪಕಗಳು ಬಂದಿವೆ. ಅವು ಕಣಗಳನ್ನು ತೂಗುವುದಿಲ್ಲ. ಕಣಗಳ ಮೇಲೆ ಲೇಸರ್ ಬೆಳಕನ್ನು ಬಿಟ್ಟು, ಚದುರಿದ ಬೆಳಕಿನಿಂದ ತೂಕವನ್ನು ಊಹಿಸುತ್ತವೆ. ತೇವವಿರುವ ದಿನ ಕಣಗಳು ನೀರನ್ನು ಹೀರಿ ಉಬ್ಬಿದಾಗ ಇವುಗಳ ಲೆಕ್ಕ ತಪ್ಪುವುದುಂಟು. ದಪ್ಪನೆಯ ಮಣ್ಣಿನ ಧೂಳನ್ನು ಕಡಿಮೆಯಾಗಿ ಎಣಿಸುವುದೂ ಉಂಟು. ಬಯಲುಸೀಮೆಗೆ ಈ ಎರಡನೆಯ ದೋಷ ಸಣ್ಣದಲ್ಲ. ತೂಗುವ ಯಂತ್ರದ ಪಕ್ಕದಲ್ಲಿ ಕೆಲಕಾಲ ಇರಿಸಿ ಹೋಲಿಸಿ ಸರಿಪಡಿಸಿದರೆ ಇವು ಕೆಲಸಕ್ಕೆ ಬರುತ್ತವೆ.

ಯಾವ ಯಂತ್ರವೂ ಇಲ್ಲದ ಶಾಲೆಯಲ್ಲಿ ಒಂದು ಗಾಜಿನ ಪಟ್ಟಿಗೆ ತೆಳುವಾಗಿ ಹರಳೆಣ್ಣೆ ಸವರಿ, ಒಂದು ದಿನ ಮಾಳಿಗೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಬಹುದು. ಆಷಾಢದ ಪಟ್ಟಿಗೂ ಮಾಘದ ಪಟ್ಟಿಗೂ ಇರುವ ಅಂತರ ಬರಿಗಣ್ಣಿಗೇ ಕಾಣುತ್ತದೆ. ಇದರಲ್ಲಿ ಸಿಕ್ಕುವುದು ತಾನಾಗಿ ಕೆಳಗಿಳಿದ ದಪ್ಪ ಧೂಳು ಮಾತ್ರ ಎಂಬುದು ನೆನಪಿರಲಿ. ಹೊಗೆಯ ಸೂಕ್ಷ್ಮಕಣಗಳು ಗಾಜಿನ ಮೇಲೆ ಹಾದು ಹೋಗಿಬಿಡುತ್ತವೆ.

ಯಂತ್ರವಿರಲಿ ಇಲ್ಲದಿರಲಿ, ಪಕ್ಕದಲ್ಲಿ ಒಂದು ಪುಸ್ತಕ ಬೇಕು. ಯಂತ್ರಕ್ಕೆ ಅಂಕಿ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಯ ದಿನ ಭಕ್ತರು ಹರಕೆಯ ಕೊಬ್ಬರಿಯನ್ನು ಸುಡುವಾಗ ಆ ಊರಿನಲ್ಲಿ ಯಂತ್ರವಿದ್ದರೆ ಅದರ ಅಂಕಿ ಏರುತ್ತದೆ. ಹತ್ತು ವರ್ಷದ ಮೇಲೆ ಆ ಕಾಗದವನ್ನು ನೋಡಿದ ದೂರದ ವಿಜ್ಞಾನಿಗೆ ಅದು ಕಾಡ್ಗಿಚ್ಚೋ, ಗಿರಣಿಯೋ, ಯಂತ್ರದ ದೋಷವೋ ತಿಳಿಯುವುದು ಹೇಗೆ? ಊರಿನಲ್ಲಿದ್ದವನು ಬರೆದಿಟ್ಟರೆ ಮಾತ್ರ. ದಿನಾಂಕ, ಹೊತ್ತು, ಗಾಳಿ ಯಾವ ದಿಕ್ಕಿನದು, ಮಳೆ ಬಂದು ಎಷ್ಟು ದಿನವಾಯಿತು, ಪಕ್ಕದ ಹೊಲದಲ್ಲಿ ಶೇಂಗಾ ಕೀಳುತ್ತಿದ್ದರೋ ಇಲ್ಲವೋ, ರಸ್ತೆಗೆ ಜಲ್ಲಿ ಹಾಕುತ್ತಿದ್ದರೋ, ದೂರದ ಗುಡ್ಡ ಸ್ಪಷ್ಟವಾಗಿ ಕಾಣುತ್ತಿತ್ತೋ ಮಬ್ಬಾಗಿತ್ತೋ, ಇಷ್ಟನ್ನು ಬರೆಯಲು ಐದು ಮಿನಿಟು ಸಾಕು. ಬರೆಯುವ ಹೊತ್ತು ಮಾತ್ರ ದಿನವೂ ಒಂದೇ ಆಗಿರಬೇಕು.